ಮಗಳ ಟಾನ್ಸಿಲ್ ಆಪರೇಷನ್: ಓಟಿ ಬಾಗಿಲವರೆಗಿನ ತಯಾರಿ

ನಮ್ಮ ಆರು ವರ್ಷದ ಮಗಳಿಗೆ ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂದಿರುವ ಟಾನ್ಸಿಲ್‌ನಂಥದ್ದೇ ಗಡ್ಡೆ) ಎರಡನ್ನೂ ಒಟ್ಟಿಗೆ ತೆಗೆಸಿದೆವು. ಗಂಟಲು ವಾಸಿಯಾಗಿ ಈಗ ಶಾಲೆಗೆ ಹೋಗುತ್ತಿದ್ದಾಳೆ. ಆಪರೇಷನ್ನಿಗೆ ಮುಂಚೆ ನಮಗೆ ಸಲಹೆ ಕೊಟ್ಟವರು ಬಹಳ ಜನ. ಯಾವ ಡಾಕ್ಟರು, ಎಷ್ಟು ದುಡ್ಡು, ಯಾವ ದೇವರಿಗೆ ಹರಕೆ, ಎಲ್ಲ ಹೇಳಿದರು. ಮಗುವಿಗೆ ಈ ವಿಷಯ ಹೇಗೆ ಹೇಳಬೇಕು ಅನ್ನೋದನ್ನ ಮಾತ್ರ ಯಾರೂ ಹೇಳಲಿಲ್ಲ. ನಮಗೆ ಜಾಸ್ತಿ ತಲೆ ಕೆಡಿಸಿದ್ದು ಅದೇ. ಅದಕ್ಕೇ ಮರೆಯುವ ಮುಂಚೆ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಔಷಧದ ಮಾತು ಬಂದ ಕಡೆ ನಿಮ್ಮ ಡಾಕ್ಟರನ್ನೇ ಕೇಳಿ.

ಶುರುವಾಗಿದ್ದು ಗೊರಕೆಯಿಂದ. ಬಾಯಿ ತೆರೆದುಕೊಂಡೇ ಮಲಗುತ್ತಿದ್ದಳು. ಗೊರಕೆ ನಡುವೆ ಒಂದೊಂದು ಸಲ ಉಸಿರೇ ನಿಂತ ಹಾಗಾಗಿ, ಆಮೇಲೆ ಬೆಚ್ಚಿ ಎಳೆದುಕೊಳ್ಳುತ್ತಿದ್ದಳು. ದಾವಣಗೆರೆಯಲ್ಲೇ ಇಎನ್‌ಟಿ ಡಾಕ್ಟರಿಗೆ ತೋರಿಸಿದೆವು. ಪಕ್ಕದಿಂದ ಕತ್ತಿನ ಎಕ್ಸ್‌ರೇ ತೆಗೆಸಿ, ಮೂಗಿನ ಹಿಂದೆ ಅಡಿನಾಯ್ಡ್ ದಪ್ಪಗಾಗಿ ಗಾಳಿ ಹೋಗುವ ದಾರಿ ಕಿರಿದಾಗಿದೆ ಅಂದರು. ಮಕ್ಕಳು ದೊಡ್ಡವರಾದ ಹಾಗೆ ಅದು ತಾನಾಗಿಯೇ ಸಣ್ಣದಾಗುತ್ತದೆ, ನಿಜ. ಆದರೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತಿರುವಾಗ ಕಾಯೋದು ಬೇಡ ಅಂತ ಅವರ ಅಭಿಪ್ರಾಯ. ಮೂಗಿಗೆ ಸ್ಪ್ರೇ ಹಾಕಿ ನೋಡಿದ್ದೂ ಆಯಿತು, ಹೆಚ್ಚು ಗುಣ ಕಾಣಲಿಲ್ಲ. ಆಪರೇಷನ್ನಿಗೆ ದಿನ ಗೊತ್ತಾಯಿತು.

ಮೊದಲ ತೊಡಕು ಆಸ್ಪತ್ರೆಯಲ್ಲಿ ಇರಲಿಲ್ಲ, ಮನೆಯಲ್ಲಿತ್ತು. ನಮ್ಮ ಮನೆಗಳಲ್ಲಿ ಮಕ್ಕಳನ್ನು ಹೆದರಿಸೋಕೆ ಪೊಲೀಸರಾದ ಮೇಲೆ ಡಾಕ್ಟರೇ. "ಉಣ್ಣದಿದ್ರೆ ಸೂಜಿ ಚುಚ್ಚಿಸ್ತೀನಿ ನೋಡು" ಅಂತ ನಮ್ಮ ಅವ್ವ ದಿನಕ್ಕೊಮ್ಮೆ ಹೇಳುವವರೇ. ಆಪರೇಷನ್ ಅಂದ ಕೂಡಲೇ ಅವರು ಇನ್ನೊಂದು ತುದಿಗೆ ಹೋದರು. "ಏನಿಲ್ಲ ಬಿಡವ್ವಿ, ಡಾಕ್ಟರು ಬಾಯಿ ನೋಡಿ ಕಳಿಸ್ತಾರೆ ಅಷ್ಟೆ" ಅಂತ ಮೊಮ್ಮಗಳನ್ನು ಸಮಾಧಾನ ಮಾಡಿದರು. ಮೊಮ್ಮಗಳು ಅದನ್ನೇ ನಂಬಿದಳು. ಈ ನಂಬಿಕೆ ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಮುರಿದು ಬಿದ್ದರೆ ಆಮೇಲೆ ನಮ್ಮ ಯಾವ ಮಾತನ್ನೂ ನಂಬುವುದಿಲ್ಲ ಅಂತ ಮಕ್ಕಳ ಡಾಕ್ಟರು ಹೇಳಿದ್ದು ನನಗೆ ಸರಿ ಅನ್ನಿಸಿತು. ಅವ್ವನನ್ನು ಕೂರಿಸಿಕೊಂಡು ಮಾತಾಡಿದೆ. ಸುಳ್ಳು ಹೇಳೋದು ಬೇಡ, ಹೆದರಿಸೋದೂ ಬೇಡ, ಅವಳ ಮುಂದೆ ಅಳೋದಂತೂ ಬೇಡವೇ ಬೇಡ. ಮೂರನೆಯದಕ್ಕೆ ಒಪ್ಪೋದು ಅವರಿಗೆ ಕಷ್ಟವಾಯಿತು.

ಯಾವಾಗ ಹೇಳಬೇಕು ಅನ್ನೋದಕ್ಕೂ ಅದೇ ಡಾಕ್ಟರು ಒಂದು ದಾರಿ ತೋರಿಸಿದರು. ಮೂರು ನಾಲ್ಕು ವರ್ಷದ ಮಗುವಾದರೆ ಒಂದೆರಡು ದಿನ ಮುಂಚೆ ಸಾಕು. ಅದಕ್ಕಿಂತ ಮೊದಲೇ ಹೇಳಿದರೆ ಆ ವಯಸ್ಸಿಗೆ ದಿನಗಳ ಲೆಕ್ಕ ಸಿಗುವುದಿಲ್ಲ, ಸುಮ್ನೆ ಭಯ ಬೆಳೆಯುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಒಂದು ವಾರದ ಮುಂಚೆ ಹೇಳಿದರೆ ಪ್ರಶ್ನೆ ಕೇಳೋಕೆ, ಯೋಚನೆ ಮಾಡೋಕೆ ಸಮಯ ಸಿಗುತ್ತದೆ. ದೊಡ್ಡ ಮಕ್ಕಳನ್ನು ದಿನ ಗೊತ್ತು ಮಾಡುವಾಗಲೇ ಜೊತೆಗೆ ಕೂರಿಸಿಕೊಳ್ಳಬೇಕು.

ನಾವು ಒಂದು ಭಾನುವಾರ ಹೇಳಿದೆವು. "ನಿನ್ನ ಗಂಟಲಲ್ಲಿ ಎರಡು ಉಂಡೆ ದೊಡ್ಡದಾಗಿದಾವೆ. ಅದಕ್ಕೇ ರಾತ್ರಿ ಉಸಿರು ಕಟ್ಟುತ್ತೆ. ಡಾಕ್ಟರು ಅವನ್ನ ತೆಗೀತಾರೆ. ತೆಗೆಯುವಾಗ ನಿನಗೆ ಔಷಧಿ ಕೊಟ್ಟು ನಿದ್ದೆ ಮಾಡಿಸ್ತಾರೆ, ನೋವು ಗೊತ್ತಾಗಲ್ಲ. ಎದ್ದ ಮೇಲೆ ಗಂಟಲು ನೋಯುತ್ತೆ. ಅದಕ್ಕೂ ಔಷಧಿ ಇದೆ." ಇಷ್ಟೇ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು, "ಅಪ್ಪಾಜಿ, ಮಧ್ಯದಲ್ಲಿ ಎಚ್ಚರ ಆದ್ರೆ?" ಆಮೇಲೆ, "ನಾನೇನು ತಪ್ಪು ಮಾಡಿದೀನಿ?" ಎರಡನೆಯದು ನಾವು ಊಹಿಸಿರಲಿಲ್ಲ. ಐಸ್‌ಕ್ಯಾಂಡಿ ತಿಂದಿದ್ದಕ್ಕೇ ಹೀಗಾಯಿತು ಅಂತ ಯಾರೋ ಅವಳಿಗೆ ಹೇಳಿದ್ದರು. ಮಕ್ಕಳು ಕಾಯಿಲೆಯನ್ನು ಶಿಕ್ಷೆ ಅಂದುಕೊಳ್ಳೋದು ಸಾಮಾನ್ಯವಂತೆ. ನಿನ್ನ ತಪ್ಪೇನೂ ಇಲ್ಲ ಅಂತ ಬಾಯಿಬಿಟ್ಟೇ ಹೇಳಿ. ಅವರು ಕೇಳದಿದ್ದರೂ ಹೇಳಿ.

ಆ ವಾರವೆಲ್ಲ ಆಟ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಕಪಾಟಿನಲ್ಲಿ ಬಿದ್ದಿತ್ತು, ಬ್ಯಾಟರಿ ಹಾಕಿ ಅವಳ ಕೈಗೆ ಕೊಟ್ಟೆ. ಮನೆಮಂದಿಯ ಬೆರಳನ್ನೆಲ್ಲ ಅದರೊಳಗೆ ಇಟ್ಟು ನೋಡಿದಳು. ಅವಳ ಗೊಂಬೆ ಆನೆಗೂ ಆಪರೇಷನ್ ಅಂತಾಯಿತು. ಆನೆಗೆ ಬ್ಯಾಂಡೇಜ್ ಸುತ್ತಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ನೀರು ಕುಡಿಸಿದಳು. ನಿದ್ದೆ ಬರಿಸುವ ಗ್ಯಾಸನ್ನು ಮಾಸ್ಕಿನಲ್ಲಿ ಕೊಡುತ್ತಾರಲ್ಲ, ಅದಕ್ಕೇ ಮಾಸ್ಕ್ ಇಟ್ಟುಕೊಂಡು ಬಲೂನು ಊದುವ ಅಭ್ಯಾಸ ನಡೆಯಿತು. ಹೊಟ್ಟೆ ಉಬ್ಬುವ ಹಾಗೆ ಉಸಿರು ಎಳೆದು ನಿಧಾನ ಬಿಡೋದು. ನಾನು ಗಮನಿಸಿದ್ದು ಇದು: ಆಪರೇಷನ್ ಒಳಗೆ ಏನು ಮಾಡುತ್ತಾರೆ ಅನ್ನೋದು ಅವಳಿಗೆ ಬೇಕಿರಲಿಲ್ಲ. ತನ್ನ ಕಣ್ಣಿಗೆ ಏನು ಕಾಣುತ್ತದೆ, ಏನು ವಾಸನೆ ಬರುತ್ತದೆ, ಯಾರು ಮುಟ್ಟುತ್ತಾರೆ, ಅಪ್ಪಾಜಿ ಎಲ್ಲಿರುತ್ತಾರೆ, ಯಾವಾಗ ಮನೆಗೆ ಬರೋದು. ಪ್ರಶ್ನೆಗಳೆಲ್ಲ ಇವೇ. ಆದ್ದರಿಂದ ಯೂಟ್ಯೂಬಿನಲ್ಲಿ ಆಪರೇಷನ್ ವಿಡಿಯೊ ಮಾತ್ರ ತೋರಿಸಬೇಡಿ. ನೀವೂ ನೋಡದಿದ್ದರೆ ಒಳ್ಳೆಯದು.

ಅನಸ್ತೇಶಿಯಾ (ಅರಿವಳಿಕೆ) ಡಾಕ್ಟರು ಮುಂಚಿತವಾಗಿ ನೋಡುವ ದಿನವೊಂದಿರುತ್ತದೆ. ಪಿಎಸಿ (ಅರಿವಳಿಕೆಗೆ ಮುಂಚಿನ ತಪಾಸಣೆ) ಅಂತಾರೆ. ಅದಕ್ಕೆ ಮೊದಲು ರಕ್ತ ಪರೀಕ್ಷೆ. ಹಿಮೋಗ್ಲೋಬಿನ್, ರಕ್ತದ ಗುಂಪು, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಇತ್ಯಾದಿ. ಲ್ಯಾಬಿನಲ್ಲಿ ನಾಲ್ಕು ಜನ ಹಿಡಿದು ಮಲಗಿಸಿ ರಕ್ತ ತೆಗೆಯೋದು ಮಾಮೂಲಿ ಪದ್ಧತಿ. ನಾನು ಅವಳನ್ನು ತೊಡೆಯ ಮೇಲೆ ನನ್ನ ಕಡೆ ಮುಖ ಮಾಡಿ ಕೂರಿಸಿಕೊಂಡು, ಒಂದು ಕೈ ಮಾತ್ರ ನನ್ನ ಬೆನ್ನ ಹಿಂದಿನಿಂದ ಚಾಚಿಸಿದೆ. ಲ್ಯಾಬಿನ ಹುಡುಗ ಮೊದಲು ಗೊಣಗಿದ, ಆಮೇಲೆ "ಹಿಂಗೇ ಚಲೋ ಐತಿ" ಅಂದ. "ಇರುವೆ ಕಚ್ಚಿದ ಹಾಗೆ ಆಗುತ್ತೆ, ಹತ್ತು ಎಣಿಸೋಷ್ಟರಲ್ಲಿ ಮುಗಿಯುತ್ತೆ" ಅಂದಿದ್ದೆ. ಚುಚ್ಚುವ ಹೊತ್ತಿಗೆ ಜೋರಾಗಿ ಕೆಮ್ಮೋಕೆ ಹೇಳಿದರೆ ಗಮನ ಆ ಕಡೆ ಹೋಗುತ್ತದೆ. ಅತ್ತಳು. ಅತ್ತರೆ ತಪ್ಪೇನಿಲ್ಲ ಅಂತ ಮೊದಲೇ ಹೇಳಿಟ್ಟಿದ್ದೆ. "ದೊಡ್ಡವಳಾಗಿ ಅಳ್ತೀಯಾ" ಅನ್ನೋ ಮಾತು ದಯವಿಟ್ಟು ಬೇಡ.

ಅನಸ್ತೇಶಿಯಾ ಡಾಕ್ಟರು ಒಳ್ಳೆಯವರು ಸಿಕ್ಕಿದ್ದು ನಮ್ಮ ಪುಣ್ಯ. ನನ್ನನ್ನು ಬಿಟ್ಟು ಅವಳ ಹತ್ತಿರವೇ ಮಾತಾಡಿದರು. ಎಚ್ಚರ ಆದರೆ ಏನು ಮಾಡೋದು ಅಂತ ಅವಳು ಕೇಳಿದ್ದಕ್ಕೆ, "ನಿನ್ನ ತಲೆ ಹತ್ರಾನೇ ನಾನು ಕೂತಿರ್ತೀನಿ. ನಿದ್ದೆ ನೋಡ್ಕೊಳ್ಳೋದು ಬಿಟ್ಟು ನನಗೆ ಬೇರೆ ಕೆಲಸ ಇಲ್ಲ. ಎಲ್ಲ ಮುಗಿದ ಮೇಲೆ ನಾನೇ ಎಬ್ಬಿಸ್ತೀನಿ" ಅಂದರು. ಆಮೇಲೆ ಬಾಯಿ ತೆರೆಸಿ ನೋಡಿ ನಕ್ಕರು. ಮುಂದಿನ ಹಲ್ಲು ಅಲ್ಲಾಡುತ್ತಿತ್ತು! ಉಸಿರಿನ ಕೊಳವೆ ಹಾಕುವಾಗ ಅಲ್ಲಾಡುವ ಹಲ್ಲು ಬಿದ್ದು ಶ್ವಾಸನಾಳಕ್ಕೆ ಹೋಗುವ ಅಪಾಯ ಇರುತ್ತದಂತೆ. ಆರೇಳು ವರ್ಷದ ಮಕ್ಕಳಿಗೆಲ್ಲ ಬರುವ ತೊಡಕು ಇದು. ಹಲ್ಲು ಅಲ್ಲಾಡುತ್ತಿದ್ದರೆ ಮೊದಲೇ ಹೇಳಿ. ತುಂಬಾ ಸಡಿಲವಾಗಿದ್ದರೆ ನಿದ್ದೆಯಲ್ಲೇ ತೆಗೆಯುತ್ತಾರೆ. ಅದನ್ನೂ ಮಗುವಿಗೆ ತಿಳಿಸಿರಬೇಕು. ಇಲ್ಲದಿದ್ದರೆ ಎದ್ದಾಗ "ನನ್ನ ಹಲ್ಲು ಯಾರು ಕದ್ದಿದ್ದು" ಅಂತ ಬೇರೆ ರಾಮಾಯಣ.

ಅವತ್ತೇ ಕೇಳಿಟ್ಟುಕೊಳ್ಳಬೇಕಾದ ಇನ್ನೊಂದು ವಿಷಯ ಇದೆ. ನಿದ್ದೆ ಬರುವವರೆಗೆ ತಂದೆಯನ್ನೋ ತಾಯಿಯನ್ನೋ ಓಟಿ ಒಳಗೆ ಬಿಡುತ್ತಾರಾ? ಎಚ್ಚರವಾಗುವ ಹೊತ್ತಿಗೆ ಒಳಗೆ ಕರೆಯುತ್ತಾರಾ? ಕೆಲವು ಕಡೆ ಬಿಡುತ್ತಾರೆ, ಕೆಲವು ಕಡೆ ಖಂಡಿತ ಇಲ್ಲ. ಎರಡಕ್ಕೂ ಮಗುವನ್ನು ತಯಾರು ಮಾಡಬಹುದು. ಆದರೆ "ನಾನು ಜೊತೆಗೇ ಇರ್ತೀನಿ" ಅಂತ ಹೇಳಿ ಬಾಗಿಲಲ್ಲಿ ನಿಂತುಬಿಟ್ಟರೆ ಅದೇ ಮೋಸ. ನನಗೆ ಗೌನು, ಟೋಪಿ ಹಾಕಿಕೊಂಡು ಬರಲು ಒಪ್ಪಿಗೆ ಸಿಕ್ಕಿತು. ಹಳೆ ಮಾಸ್ಕ್ ಒಂದನ್ನು ಸಿಸ್ಟರ್ ಆಟಕ್ಕೆ ಅಂತ ಕೊಟ್ಟರು. ಸ್ಟ್ರಾಬೆರಿ ಲಿಪ್‌ಬಾಮ್ ಒಳಗೆ ಸವರಿದರೆ ಗ್ಯಾಸಿನ ವಾಸನೆ ಅಷ್ಟಾಗಿ ಗೊತ್ತಾಗುವುದಿಲ್ಲ ಅಂತ ಹೇಳಿಕೊಟ್ಟವರೂ ಅವರೇ.

ಇಷ್ಟೆಲ್ಲ ಆದ ಮೇಲೆ ಆಪರೇಷನ್ನಿನ ಹಿಂದಿನ ದಿನ ನೆಗಡಿ, ಜ್ವರ. ಮುಂದಕ್ಕೆ ಹಾಕಿದರು. ನೆಗಡಿ ಕೆಮ್ಮು ಇರುವಾಗ ಅನಸ್ತೇಶಿಯಾ ಕೊಟ್ಟರೆ ಮಕ್ಕಳಿಗೆ ಉಸಿರಾಟದ ತೊಂದರೆ ಜಾಸ್ತಿ, ಕೆಲವು ವಾರ ಕಾಯೋದೇ ಸರಿ ಅಂದರು. ನಾನು ರಜೆ ಹಾಕಿದ್ದೆ, ಊರಿಂದ ತಂಗಿ ಬಂದಿದ್ದಳು, ಎಲ್ಲ ವ್ಯರ್ಥ. ಮಗಳಿಗೆ ಖುಷಿಯೋ ಖುಷಿ. ಎರಡನೇ ಸಲ ಅದೇ ಆಟ ಶುರು ಮಾಡುವಾಗ ಆನೆಗೆ ಮಾತ್ರ ಆಪರೇಷನ್ ಮಾಡಿಸಿ, ತನಗೆ ಬೇಡ ಅಂದಳು. ಇಲ್ಲಿ ನಮ್ಮ ಹೆಂಡತಿ ಕಂಡುಕೊಂಡ ಉಪಾಯ ಕೆಲಸಕ್ಕೆ ಬಂತು. ಹೋಗೋಣವಾ ಅಂತ ಕೇಳಲೇ ಇಲ್ಲ. ಯಾವ ಕೈಗೆ ಸೂಜಿ, ಯಾವ ಬಣ್ಣದ ಟವೆಲ್, ಆನೆ ಹಾಸಿಗೆ ಮೇಲೋ ಚೀಲದಲ್ಲೋ ಅಂತ ಕೇಳಿದಳು. ನಿಜವಾಗಿ ಅವಳ ಕೈಯಲ್ಲಿರುವ ಆಯ್ಕೆಗಳಷ್ಟೇ.

ಈ ನಡುವೆ ಇನ್ಶೂರೆನ್ಸ್ ಕಥೆ. ಟಾನ್ಸಿಲ್, ಅಡಿನಾಯ್ಡ್ ಆಪರೇಷನ್ನಿಗೆ ಬಹಳಷ್ಟು ಪಾಲಿಸಿಗಳಲ್ಲಿ ಎರಡು ವರ್ಷ ಕಾಯುವ ಅವಧಿ ಇರುತ್ತದೆ, ಅಂದರೆ ಪಾಲಿಸಿ ತಗೊಂಡು ಅಷ್ಟು ಕಾಲ ಆಗುವವರೆಗೆ ಇದಕ್ಕೆ ದುಡ್ಡು ಕೊಡುವುದಿಲ್ಲ. ಆರೋಗ್ಯ ಸಂಜೀವಿನಿ ಅನ್ನೋ ಸ್ಟ್ಯಾಂಡರ್ಡ್ ಪಾಲಿಸಿಯ 24 ತಿಂಗಳ ಪಟ್ಟಿಯಲ್ಲೂ ಇವೆರಡರ ಹೆಸರಿದೆ. ನಮ್ಮದು ಆ ಅವಧಿ ದಾಟಿತ್ತು. ಆದರೂ ಈ ತೊಂದರೆ ಯಾವಾಗಿನಿಂದ ಇದೆ ಅಂತ ಪ್ರಶ್ನೆ ಬಂತು, ಹಳೆಯ ಚೀಟಿಗಳೆಲ್ಲ ಬೇಕಾದವು. ಮೊದಲ ಸಲ ತೋರಿಸಿದ ಚೀಟಿಯಿಂದ ಹಿಡಿದು ಎಕ್ಸ್‌ರೇವರೆಗೆ ಒಂದೇ ಫೈಲಿನಲ್ಲಿ ಇಡಿ. ಮಗುವಿನ ಆಧಾರ್, ಪಾಲಿಸಿ ಕಾರ್ಡು, ನಿಮ್ಮ ಪ್ಯಾನ್ ಇರಲಿ.

ಅಡ್ಮಿಟ್ ಆಗಿದ್ದು ಹಿಂದಿನ ಸಂಜೆ. ಖಾಲಿ ಹೊಟ್ಟೆಯ ಲೆಕ್ಕ ಸರಿಯಾಗಿ ಕೇಳಿಕೊಳ್ಳಿ. ಊಟ, ಹಾಲು 6 ಗಂಟೆ ಮುಂಚೆ ನಿಲ್ಲಬೇಕು. ಎದೆಹಾಲು ಕುಡಿಯುವ ಕೂಸಿಗೆ 4 ಗಂಟೆ. ಬರೀ ನೀರನ್ನು ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೂ ಕೊಡಬಹುದು. ಅರಿವಳಿಕೆಯಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯ, ಅದಕ್ಕೇ ಇಷ್ಟು ಕಟ್ಟುನಿಟ್ಟು. ನಮ್ಮ ವಾರ್ಡಿನಲ್ಲಿ "ರಾತ್ರಿ ಹತ್ತರ ಮೇಲೆ ಏನೂ ಬೇಡ" ಅಂತ ಒಟ್ಟಾರೆ ಹೇಳಿಬಿಟ್ಟರು. ಅನಸ್ತೇಶಿಯಾ ಡಾಕ್ಟರನ್ನು ಮತ್ತೆ ಕೇಳಿಸಿದ ಮೇಲೆ ಬೆಳಿಗ್ಗೆ ನೀರು ಸಿಕ್ಕಿತು. ಅದು ಸಿಕ್ಕಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಪಟ್ಟಿಯಲ್ಲಿ ಮುಂದಿದ್ದ ಕೇಸು ಎಳೆದುಕೊಂಡು ಹೋಗಿ ನಮ್ಮದು ತಡವಾಯಿತು. ಹಸಿದ ಮಗುವಿನ ಪಕ್ಕ ಕೂತು ಯಾರೂ ಬೆಣ್ಣೆ ದೋಸೆ ತಿನ್ನಬೇಡಿ. ನಮ್ಮ ಪಕ್ಕದ ಬೆಡ್ಡಿನವರು ಪಾರ್ಸೆಲ್ ಬಿಚ್ಚಿದರು.

ಆ ಬೆಳಿಗ್ಗೆ ನಾವು ಲೆಕ್ಕಕ್ಕೇ ತಗೊಳ್ಳದ ತೊಡಕು ಬಂದಿದ್ದು ಓಲೆಯದ್ದು. ಮೈಮೇಲೆ ಲೋಹ ಇರಬಾರದು. ಕರೆಂಟಿನಿಂದ ರಕ್ತ ನಿಲ್ಲಿಸುವ ಉಪಕರಣ ಬಳಸುವುದರಿಂದ ಸುಡುವ ಅಪಾಯ ಇದೆ. ಕಾಲ್ಗೆಜ್ಜೆ ಬಂತು, ಬಳೆ ಬಂತು, ಕಿವಿಯೋಲೆಯ ತಿರುಪು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ವರ್ಷದಿಂದ ಬಿಚ್ಚಿರಲಿಲ್ಲ. ಇಷ್ಟು ಹೊತ್ತು ಧೈರ್ಯವಾಗಿದ್ದವಳು ಕಿವಿ ಮುಟ್ಟಿದ್ದಕ್ಕೆ ಕಿರುಚಾಡಿದಳು. ಕೊಬ್ಬರಿ ಎಣ್ಣೆ ಬಿಟ್ಟು, ದಾರ ಸುತ್ತಿ, ಸಿಸ್ಟರ್ ಒಬ್ಬರು ಹೇಗೋ ಬಿಚ್ಚಿದರು. ಒಂದು ವಾರ ಮೊದಲೇ ಅಕ್ಕಸಾಲಿಗರ ಹತ್ತಿರ ಸಡಿಲ ಮಾಡಿಸಿಡಿ. ಉಗುರಿಗೆ ಬಣ್ಣ ಇದ್ದರೆ ಅಳಿಸಿ, ಆಕ್ಸಿಮೀಟರ್ ಓದಬೇಕಲ್ಲ. ಅವ್ವ ಕಟ್ಟಿದ್ದ ತಾಯಿತವನ್ನು ಬಿಚ್ಚಿ ಅವರ ಕೈಯಲ್ಲೇ ಕೊಟ್ಟೆವು. ಅವರು ಅದನ್ನು ಹಿಡಿದುಕೊಂಡು ಕೂತಿದ್ದರಿಂದ ಇಬ್ಬರಿಗೂ ಸಮಾಧಾನ.

ಕೈಗೆ ಲೈನ್ (ಔಷಧಿ ಕೊಡುವ ಸಣ್ಣ ಕೊಳವೆ) ಹಾಕುವ ಒಂದು ಗಂಟೆ ಮುಂಚೆ ಚರ್ಮ ಮರಗಟ್ಟಿಸುವ ಕ್ರೀಮ್ ಹಚ್ಚಿದರು. ಲಿಗ್ನೋಕೇನ್, ಪ್ರೈಲೋಕೇನ್ ತಲಾ 2.5% ಇರುವ ಕ್ರೀಮ್. ದಪ್ಪಗೆ ಹಚ್ಚಿ ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಬೇಕು. ಎರಡೂ ಕೈಗೆ ಹಚ್ಚಿಸಿ, ಒಂದರಲ್ಲಿ ನರ ಸಿಗದಿದ್ದರೆ ಇನ್ನೊಂದು ಇರುತ್ತದೆ. ಎಲ್ಲ ಆಸ್ಪತ್ರೆಯಲ್ಲೂ ಇದನ್ನು ತಾವಾಗಿಯೇ ಹಚ್ಚುವುದಿಲ್ಲ, ಕೇಳಬೇಕು. ಎಷ್ಟು ಹಚ್ಚಬೇಕು ಅನ್ನೋದು ವಯಸ್ಸು, ತೂಕದ ಮೇಲೆ ಹೋಗುತ್ತದೆ, ಅದನ್ನು ಡಾಕ್ಟರೇ ಹೇಳಬೇಕು. ಸೂಜಿ ಹೋಗಿದ್ದು ಅವಳಿಗೆ ಗೊತ್ತಾಗಲಿಲ್ಲ ಅಂತ ಹೇಳೋಲ್ಲ. ಗೊತ್ತಾಯಿತು. ಆದರೆ ಲ್ಯಾಬಿನಲ್ಲಿ ಅತ್ತ ಹಾಗೆ ಅಳಲಿಲ್ಲ.

ಓಟಿಗೆ ಹೋಗುವ ಅರ್ಧ ಗಂಟೆ ಮುಂಚೆ ಭಯ ಕಡಿಮೆ ಮಾಡಿ ಮಂಪರು ತರಿಸುವ ಮಿಡಜೋಲಮ್ ಸಿರಪ್ ಕೊಟ್ಟರು. ಬಹಳ ಕಹಿ. ಸ್ವಲ್ಪ ಉಗಿದಳು. ಸ್ವಲ್ಪ ಹೊತ್ತಿಗೆ ಸುಮ್ಮಸುಮ್ಮನೆ ನಗಲು ಶುರು. ನನ್ನ ಟೋಪಿ ನೋಡಿ ನಕ್ಕಿದ್ದೇ ನಕ್ಕಿದ್ದು. ನಿಲ್ಲೋಕೆ ಬಿಡಬೇಡಿ, ಬೀಳುತ್ತಾರೆ. ಒಳಗೆ ಚಳಿ, ದೊಡ್ಡ ದೀಪ, ಮಾನಿಟರಿನ ಸದ್ದು. ಎಲ್ಲ ಮೊದಲೇ ಹೇಳಿದ್ದರಿಂದ "ಇದೇ ಅಲ್ವಾ ಬೀಪ್ ಬೀಪ್" ಅಂದಳು. ಲೈನ್ ಇದ್ದರೂ ಮಾಸ್ಕಿನಲ್ಲೇ ಮಲಗಿಸೋಣ ಅಂತ ಡಾಕ್ಟರು ನಿರ್ಧರಿಸಿದರು. ಬಲೂನು ಊದಿದಳು. ತಂದೆ ತಾಯಂದಿರು ತಿಳಿದಿರಬೇಕಾದ್ದು ಇಲ್ಲಿದೆ: ನಿದ್ದೆಗೆ ಜಾರುವಾಗ ಕಣ್ಣು ಮೇಲೆ ಕೆಳಗೆ ಹೊರಳುತ್ತದೆ, ಕೈಕಾಲು ಕೊಸರಬಹುದು, ಗೊರ ಗೊರ ಸದ್ದು ಬರಬಹುದು. ಅದು ಮಾಮೂಲಿ, ಮಗುವಿಗೆ ನೆನಪಿರುವುದಿಲ್ಲ. ನನಗೆ ಮೊದಲೇ ಹೇಳಿದ್ದರೂ ಎದೆ ಧಸಕ್ಕೆಂದಿತು. "ನಡೀರಿ, ನಾವಿದೀವಿ" ಅಂತ ಸಿಸ್ಟರ್ ಹೊರಗೆ ಕಳಿಸಿದರು.

ಹೊರಗಿನ ಕಾಯುವಿಕೆ ಬಗ್ಗೆ ಬರೆಯೋಕೇನಿಲ್ಲ. ಕಾಯಬೇಕು.

ಎಚ್ಚರವಾದಾಗಿನ ಗದ್ದಲದ ಬಗ್ಗೆ ಬರೆಯಬೇಕು. ಸೆವೋಫ್ಲೂರೇನ್ ಅನ್ನೋ ಗ್ಯಾಸಿನಿಂದ ಎದ್ದ ಕೆಲವು ಮಕ್ಕಳು ಅರೆ ಎಚ್ಚರದಲ್ಲಿ ಕಿರುಚಿ, ಒದ್ದು, ಲೈನ್ ಕಿತ್ತುಕೊಳ್ಳಲು ನೋಡುತ್ತಾರೆ. ನಮ್ಮವಳು ಹಾಗೇ ಮಾಡಿದಳು. ನನ್ನ ಗುರುತು ಹಿಡಿಯಲಿಲ್ಲ. ಅವಳ ಅಮ್ಮನಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ. ಇದು ನೋವೊಂದರಿಂದಲ್ಲ, ತಯಾರಿ ಸಾಲದೆ ಹೋದದ್ದರಿಂದಲೂ ಅಲ್ಲ. ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಳಿಯುತ್ತದೆ. ದೀಪ ಕಡಿಮೆ ಮಾಡಿ, ಒಬ್ಬರೇ ಎತ್ತಿಕೊಂಡು ಕೂರೋದು ಒಳ್ಳೆಯದು. ಮತ್ತೆ ಮಲಗಿ ಎದ್ದಾಗ ಅವಳಿಗೆ ಇದ್ಯಾವುದೂ ನೆನಪಿರಲಿಲ್ಲ. ಮೊದಲು ಕೇಳಿದ್ದು ಆನೆಯನ್ನು. ಸಿಸ್ಟರ್ ಅದರ ಕೈಗೂ ಪಟ್ಟಿ ಅಂಟಿಸಿ ತಂದಿದ್ದರು.

ಮನೆಗೆ ಬಂದ ಮೇಲೆ ಮೊದಲ ದಿನ ಚೆನ್ನಾಗಿದ್ದು, ಎರಡು ಮೂರು ದಿನದ ಮೇಲೆ ನೋವು ಹೆಚ್ಚುತ್ತದೆ. ಕಿವಿ ನೋವು ಅಂತಾರೆ, ಅದು ಗಂಟಲಿನದ್ದೇ. ಬಾಯಿ ವಾಸನೆ ಬರುತ್ತದೆ, ಗಂಟಲಲ್ಲಿ ಬಿಳಿ ಪೊರೆ ಕಾಣುತ್ತದೆ, ಕೀವಲ್ಲ. ಇದನ್ನೂ ಮಗುವಿಗೆ ಹೇಳಿಡಿ. ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 125 ಎಂಜಿ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ತೂಕಕ್ಕೆ ತಕ್ಕ ಎಂಎಲ್ ಬರೆಸಿಕೊಂಡು, ಬಾಟಲಿ ಮೇಲಿನ ಅಂಕಿ ನೋಡಿಯೇ ಕೊಡಿ. ನುಂಗಿದರೆ ನೋವು ಅಂತ ಕುಡಿಯೋದೇ ಬಿಡುತ್ತಾರೆ, ಆಗ ನೋವು ಇನ್ನೂ ಜಾಸ್ತಿ. ತಣ್ಣಗಿನ ರಾಗಿ ಅಂಬಲಿ, ಗಂಜಿ, ಐಸ್‌ಕ್ರೀಂ ನಡೆಯಿತು. ಆಪರೇಷನ್ನಾದ ಗಂಟಲಿಗೆ ಐಸ್‌ಕ್ರೀಂ ಕೊಡೋದು ನೋಡಿ ಅವ್ವನಿಗೆ ಸಂಕಟ. ಕೆಂಪು ಬಣ್ಣದ ಶರಬತ್ತು ಬೇಡ, ವಾಂತಿಯಾದರೆ ರಕ್ತವೋ ಬಣ್ಣವೋ ತಿಳಿಯುವುದಿಲ್ಲ. ಮಂಡಕ್ಕಿ ಮಿರ್ಚಿ ಸದ್ಯಕ್ಕೆ ಮನೆಯೊಳಗೇ ತರಬೇಡಿ. ಐದರಿಂದ ಹತ್ತನೇ ದಿನದ ನಡುವೆ ಪೊರೆ ಕಳಚುವಾಗ ರಕ್ತ ಬರುವ ಸಂಭವ ಇರುತ್ತದೆ. ತಾಜಾ ರಕ್ತ ಕಂಡರೆ ಫೋನಿನಲ್ಲಿ ಕೇಳುತ್ತಾ ಕೂರದೆ ಆಸ್ಪತ್ರೆಗೇ ಹೋಗಬೇಕು. ಆ ದಿನಗಳಲ್ಲಿ ಊರು ಬಿಟ್ಟು ಹೋಗಬೇಡಿ.

ಕೆಲವು ರಾತ್ರಿ ಬೆಚ್ಚಿ ಎದ್ದಳು, ಹಾಸಿಗೆ ಒದ್ದೆಯಾಯಿತು, ಅಮ್ಮನ ಸೆರಗು ಬಿಡಲಿಲ್ಲ. ಇದೂ ಆಗುವುದೇ ಅಂತೆ. ಆನೆಗೆ ಮತ್ತೆ ಮತ್ತೆ ಆಪರೇಷನ್ ಮಾಡಿದಳು. ಈ ಸಲ ಸರ್ಜನ್ ಅವಳೇ, ಅಳುವ ಅಪ್ಪ ನಾನು. ಆಡಿಸಿ, ತಡೆಯಬೇಡಿ.

ದುಡ್ಡಿನ ಲೆಕ್ಕ ಹೇಳದೆ ಮುಗಿಸಿದರೆ ಬೈತೀರಿ. ಬಿಲ್ಲು ಎಪ್ಪತ್ತು ಸಾವಿರದ ಆಸುಪಾಸು ಬಂತು. ಕೋಬ್ಲೇಷನ್ (ರೇಡಿಯೋ ತರಂಗದಿಂದ, ಕಡಿಮೆ ಬಿಸಿಯಲ್ಲಿ ತೆಗೆಯುವ) ವಿಧಾನದಲ್ಲಿ ಮಾಡಿದರೆ ಅದರ ಕಡ್ಡಿ ಒಂದೇ ಸಲಕ್ಕೆ ಬಳಸುವಂಥದ್ದು, ಅದಕ್ಕೇ ದುಬಾರಿ. ಬೇಕೇ ಬೇಕಾ ಅಂತ ಮೊದಲೇ ಮಾತಾಡಿ. ಗ್ಲೌಸ್‌ನಂಥ ಸಣ್ಣ ಸಾಮಾನು ಪಾಲಿಸಿಯಲ್ಲಿ ಬರಲಿಲ್ಲ, ಕೈಯಿಂದ ಕಟ್ಟಿದೆವು. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2024ರಲ್ಲಿ ತಂದ ನಿಯಮದ ಪ್ರಕಾರ ಕ್ಯಾಶ್‌ಲೆಸ್ (ಆಸ್ಪತ್ರೆಗೆ ಕಂಪನಿಯೇ ನೇರ ಕಟ್ಟುವ) ಒಪ್ಪಿಗೆ 1 ಗಂಟೆಯಲ್ಲಿ, ಡಿಸ್ಚಾರ್ಜ್ ಒಪ್ಪಿಗೆ 3 ಗಂಟೆಯಲ್ಲಿ ಬರಬೇಕು. ನಮ್ಮ ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ಈ ಮಾತು ನೆನಪಿಸಿದ ಮೇಲೆ ಫೈಲು ಸ್ವಲ್ಪ ಚುರುಕಾಯಿತು. ಅಡ್ಮಿಟ್ ಆಗುವ ಮುಂಚಿನ ರಕ್ತ ಪರೀಕ್ಷೆ, ಎಕ್ಸ್‌ರೇ, ಆಮೇಲಿನ ಔಷಧಿಯ ಬಿಲ್ಲುಗಳನ್ನೂ ಆಮೇಲೆ ಕ್ಲೇಮ್ ಮಾಡಬಹುದು. ಸಾಮಾನ್ಯವಾಗಿ ಮುಂಚಿನ 30 ದಿನ, ನಂತರದ 60 ದಿನ. ಆಪರೇಷನ್ ಮುಂದಕ್ಕೆ ಹೋಗಿದ್ದರಿಂದ ನಮ್ಮ ಮೊದಲ ಎಕ್ಸ್‌ರೇ ಬಿಲ್ಲು ಆ 30 ದಿನದಿಂದ ಆಚೆ ಬಿತ್ತು, ಅದು ಹೋಯಿತು. ಉಳಿದವನ್ನು ಜೆರಾಕ್ಸ್ ಮಾಡಿಸಿಟ್ಟುಕೊಂಡು ಮೂಲ ಪ್ರತಿ ಕಳಿಸಿದ್ದೇನೆ, ಇನ್ನೂ ಬಂದಿಲ್ಲ.